ಹಬ್ಬದ ಊಟಕ್ಕೆ ಹಂದಿಕಾಲು: ಒಲೆಯ ಮುಂದೆ ಕಲಿಯುವ ಪಾಠ

ಈ ತಿಂಗಳ ಯುವಜನ ಪಾಠ – ಕುಟುಂಬದವರೆಲ್ಲ ಕೂಡಿ ಓದಲು

ಮೊದಲು ಓದಿಕೊಳ್ಳಬೇಕಾದ ವಾಕ್ಯಗಳು: ಮಾರ್ಕ 7:14-23; ಪ್ರೇಷಿತರ ಕಾರ್ಯಕಲಾಪಗಳು 10:9-28; 1 ಕೊರಿಂಥ 8:8-13; 2 ಮಕ್ಕಬಿಯರು 6:18-31



ಕ್ರಿಸ್ತಜಯಂತಿ ಹತ್ತಿರವಾಗುತ್ತಿದೆ. ಗೋದಲಿ ಕಟ್ಟುವುದು, ಕ್ಯಾರಲ್ ಅಭ್ಯಾಸ, ಮನೆಗೆ ಸುಣ್ಣಬಣ್ಣ, ಇವುಗಳ ಜೊತೆಗೆ ಹಬ್ಬದ ದಿನ ಊಟಕ್ಕೆ ಏನು ಮಾಡೋಣ ಎನ್ನುವ ಮಾತೂ ಮನೆಮನೆಯಲ್ಲಿ ಶುರುವಾಗಿದೆ. ನಮ್ಮ ಗುಡಿಬಂಡೆ, ರೊಳ್ಳ, ಅಮರಾಪುರ, ಮಡಕಶಿರಾ ಕಡೆ ‘ಕಾಲು’ ಎಂದರೆ ಕುರಿಕಾಲು, ಮೇಕೆಕಾಲು. ಅದರ ಸಾರು, ಮುದ್ದೆ ಇದ್ದರೆ ಬೇರೆ ಹಬ್ಬ ಬೇಡ. ಆದರೆ ಒಂದು ಜೊತೆ ಕುರಿಕಾಲಿನಿಂದ ತುಂಬಿದ ಮನೆಗೆ ಊಟ ಆಗುವುದಿಲ್ಲ, ಕುರಿಮಾಂಸದ ಬೆಲೆಯೂ ಎಲ್ಲರಿಗೂ ಎಟಕುವುದಿಲ್ಲ. ಹಂದಿಯ ಕಾಲು ದಪ್ಪ, ಬೆಲೆಯೂ ಕಡಿಮೆ. ಸರಿಯಾಗಿ ಬೇಯಿಸಿದರೆ ಎಂಟು ಹತ್ತು ಜನ ಸುಖವಾಗಿ ಉಣ್ಣಬಹುದು.

ಹಾಗಿದ್ದರೂ ಹಂದಿ ಎಂದ ಕೂಡಲೆ ಯುವಜನರ ಕೂಟದಲ್ಲಿ ಮೂರು ಪ್ರಶ್ನೆಗಳು ಏಳುತ್ತವೆ. ಬೈಬಲಿನಲ್ಲಿ ಹಂದಿ ತಿನ್ನಬಾರದು ಎಂದಿದೆಯಲ್ಲ, ನಾವು ತಿನ್ನಬಹುದೇ? ತಿಂದರೆ ತಲೆಗೆ ಹುಳು ಹತ್ತಿ ಫಿಟ್ಸ್ ಬರುತ್ತದೆ ಎನ್ನುತ್ತಾರೆ, ನಿಜವೇ? ಪಕ್ಕದ ಮನೆಯವರು, ನೆಂಟರು ತಿನ್ನುವುದಿಲ್ಲ, ಅವರ ಮುಂದೆ ಹೇಗೆ? ಈ ಮೂರಕ್ಕೂ ಉತ್ತರ ಹುಡುಕುತ್ತ, ಅಡುಗೆಯನ್ನೂ ಕಲಿಯುವುದು ಈ ತಿಂಗಳ ಪಾಠ. ಅನುಭವವಿರುವ ತಾಯಂದಿರಿಗೆ ಒಲೆಯ ವಿದ್ಯೆಯನ್ನು ನಾವು ಹೇಳಿಕೊಡಬೇಕಾಗಿಲ್ಲ. ಹೊಸದಾಗಿ ಸಂಸಾರ ಹೂಡಿದವರಿಗೆ, ಓದಿಗೂ ಕೆಲಸಕ್ಕೂ ಬೆಂಗಳೂರಿಗೆ ಹೋಗಿ ರೂಮಿನಲ್ಲಿ ಅಡುಗೆ ಮಾಡಿಕೊಳ್ಳುವ ತಮ್ಮ ತಂಗಿಯರಿಗೆ ಇದು ಹೆಚ್ಚು ಉಪಯೋಗವಾದೀತು.

1. ಹೆಸರು ಒಂದೇ, ನಾಲಿಗೆ ಹಲವು

ನಮ್ಮ ಧರ್ಮಕ್ಷೇತ್ರದಲ್ಲಿ ತೆಲುಗು ಮಾತಾಡುವವರು ‘ಪಂದಿ’ ಎನ್ನುತ್ತಾರೆ. ಕೊಡವರು ಸಹ ‘ಪಂದಿ’ ಎನ್ನುತ್ತಾರೆ. ತುಳುವಿನಲ್ಲಿ ‘ಪಂಜಿ’, ತಮಿಳಿನಲ್ಲಿ ‘ಪನ್ನಿ’. ಹಳಗನ್ನಡದಲ್ಲೂ ಇದು ‘ಪಂದಿ’ಯೇ ಆಗಿತ್ತು, ‘ಪಾಲು’ ‘ಹಾಲು’ ಆದಂತೆ ‘ಪಂದಿ’ ‘ಹಂದಿ’ ಆಯಿತು. ಭಾಷೆಗಳೆಲ್ಲ ಒಂದೇ ಮನೆಯಿಂದ ಹೊರಟವು ಎಂಬುದಕ್ಕೆ ಇದೂ ಒಂದು ಗುರುತು.

ತಿನ್ನುವವರೂ ಹಲವರು. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಪಂದಿ ಕರಿ, ಕಡಂಬುಟ್ಟು ಇಲ್ಲದೆ ನಡೆಯುವುದಿಲ್ಲ. ಅದಕ್ಕೆ ಹುಳಿಯಾಗಿ ಕಾಚಂಪುಳಿ ಹಾಕುತ್ತಾರೆ. ಮಂಗಳೂರಿನ ಕೊಂಕಣಿ ಕಥೋಲಿಕರ ಮನೆಯಲ್ಲಿ ಹಬ್ಬ ಮದುವೆಗಳಿಗೆ ದುಕ್ರಾಮಾಸ್ ಮತ್ತು ಸಾನ್ನಾ ಇರುತ್ತದೆ. ದೂರದ ಇಟಲಿಯಲ್ಲಿ ಮೊದೆನಾ ಎಂಬ ಊರಿನವರು ಹಂದಿಯ ಮುಂಗಾಲಿನ ಚರ್ಮದೊಳಗೆ ಮಸಾಲೆ ಮಾಂಸ ತುಂಬಿ ಗಂಟೆಗಟ್ಟಲೆ ಬೇಯಿಸಿ, ಹೊಸ ವರ್ಷಕ್ಕೆ ಬೇಳೆಯ ಜೊತೆ ಉಣ್ಣುತ್ತಾರೆ. ಕಾಲನ್ನು ಬಡವರ ತುಂಡು ಎಂದು ಬಿಸಾಡದೆ, ಹಬ್ಬದ ತಟ್ಟೆಗೆ ಏರಿಸಿದ ಜನ ಎಲ್ಲ ಕಡೆಯೂ ಇದ್ದಾರೆ.

ಜನವರಿ 17ರಂದು ನಾವು ವನವಾಸಿ ಸಂತ ಅಂತೋಣಿಯವರನ್ನು ನೆನೆಯುತ್ತೇವೆ. (ಜೂನ್ 13ರ ಪಾದುವಾದ ಸಂತ ಅಂತೋಣಿಯವರು ಬೇರೆ.) ಅವರ ಚಿತ್ರಗಳಲ್ಲಿ ಕಾಲ ಬಳಿ ಒಂದು ಹಂದಿ ಇರುವುದನ್ನು ನೋಡಿರಬಹುದು. ಮಧ್ಯಯುಗದಲ್ಲಿ ಯುರೋಪಿನಲ್ಲಿ ಅವರ ಹೆಸರಿನಲ್ಲಿ ರೋಗಿಗಳ ಸೇವೆ ಮಾಡುತ್ತಿದ್ದ ಸಭೆಯವರು ಹಂದಿ ಸಾಕುತ್ತಿದ್ದರು. ಬೂಸ್ಟು ಹಿಡಿದ ಧಾನ್ಯ ತಿಂದು ಕೈಕಾಲು ಉರಿದು ಕೊಳೆಯುವ ಕಾಯಿಲೆಗೆ ಹಂದಿಯ ಕೊಬ್ಬನ್ನು ಮುಲಾಮಾಗಿ ಹಚ್ಚುತ್ತಿದ್ದರು. ‘ಹಂದಿ’ ಎಂದು ಬೈಯುವ ನಾಲಿಗೆಗಳ ನಡುವೆ, ಒಬ್ಬ ಸಂತರ ಪಕ್ಕದಲ್ಲಿ ಅದಕ್ಕೊಂದು ಜಾಗ ಸಿಕ್ಕಿದೆ.

2. ದೇವರ ವಾಕ್ಯ ಏನು ಹೇಳುತ್ತದೆ

ಯಾಜಕಕಾಂಡ 11ನೇ ಅಧ್ಯಾಯದಲ್ಲಿ ಇಸ್ರಯೇಲರಿಗೆ ಹಂದಿ ಬೇಡ ಎಂದಿರುವುದು ನಿಜ. ಕಾರಣವೂ ಅಲ್ಲೇ ಇದೆ: ಅದರ ಗೊರಸು ಸೀಳಿದೆ, ಆದರೆ ಅದು ಮೆಲುಕು ಹಾಕುವುದಿಲ್ಲ. ಎಂದರೆ ನಾವು ಇವತ್ತು ಬೇಯಿಸಲು ಹೊರಟಿರುವ ಕಾಲೇ ಆ ಧರ್ಮಶಾಸ್ತ್ರದ ಗುರುತು. ದನ, ಕುರಿ, ಮೇಕೆಗಳ ಹೊಟ್ಟೆಗೆ ನಾಲ್ಕು ಕೋಣೆ. ಹಂದಿಗೆ ನಮ್ಮಂತೆ ಒಂದೇ.

ಮಾರ್ಕ 7ರಲ್ಲಿ ಯೇಸುಸ್ವಾಮಿ ಮನುಷ್ಯನನ್ನು ಅಶುದ್ಧಗೊಳಿಸುವುದು ಒಳಗೆ ಹೋಗುವ ಆಹಾರವಲ್ಲ, ಹೃದಯದಿಂದ ಹೊರಡುವ ಕೆಟ್ಟತನ ಎಂದು ಕಲಿಸುತ್ತಾರೆ. ಹೀಗೆ ಎಲ್ಲ ಆಹಾರವೂ ಶುದ್ಧವೆಂದಾಯಿತು ಎಂದು ಶುಭಸಂದೇಶಕಾರರು ಅಲ್ಲೇ ತಿಳಿಸುತ್ತಾರೆ. ಪ್ರೇಷಿತರ ಕಾರ್ಯಕಲಾಪಗಳು 10ರಲ್ಲಿ ಪೇತ್ರರು ಯೊಪ್ಪದಲ್ಲಿ ಚರ್ಮ ಹದಮಾಡುವ ಸಿಮೋನನ ಮನೆಯ ಮಾಳಿಗೆಯ ಮೇಲೆ ಪ್ರಾರ್ಥನೆ ಮಾಡುತ್ತಿದ್ದಾಗ, ಎಲ್ಲ ಬಗೆಯ ಪ್ರಾಣಿಗಳಿದ್ದ ಬಟ್ಟೆಯೊಂದು ಮೇಲಿನಿಂದ ಇಳಿಯುತ್ತದೆ. ಮೂರು ಸಲ ಅದೇ ದರ್ಶನ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಪೇತ್ರರು ಎದ್ದು ಹೋದದ್ದು ಊಟಕ್ಕಲ್ಲ, ಕೊರ್ನೇಲಿಯ ಎಂಬ ಅನ್ಯಜನಾಂಗದವನ ಮನೆಗೆ. ಯಾವ ಮನುಷ್ಯನನ್ನೂ ಹೊಲಸೆಂದು ಕರೆಯಬಾರದು ಎಂದು ದೇವರು ತಮಗೆ ತೋರಿಸಿದರೆಂದು ಅವರೇ 28ನೇ ವಚನದಲ್ಲಿ ಹೇಳುತ್ತಾರೆ. ತಟ್ಟೆಯ ಬಿಡುಗಡೆ ಬಂದದ್ದು ಜನರು ಒಟ್ಟಿಗೆ ಕೂರಲಿ ಎಂದು.

ಇನ್ನೊಂದು ಪುಟವನ್ನೂ ಮರೆಯಬಾರದು. ನಮ್ಮ ಕಥೋಲಿಕ ಬೈಬಲಿನಲ್ಲಿ ಮಕ್ಕಬಿಯರ ಎರಡನೆಯ ಗ್ರಂಥವಿದೆ. ಅದರ 6ನೇ ಅಧ್ಯಾಯದಲ್ಲಿ ಎಲಿಯಾಜರ ಎಂಬ 90 ವರ್ಷದ ಮುದುಕರ ಬಾಯಿ ತೆರೆಸಿ ಹಂದಿಮಾಂಸ ತಿನ್ನಿಸಲು ರಾಜನ ಕಡೆಯವರು ಬಲವಂತ ಮಾಡುತ್ತಾರೆ. ಹಳೆಯ ಪರಿಚಯದವರು ಗುಟ್ಟಾಗಿ, ‘ನಿಮಗೆ ಸಲ್ಲುವ ಮಾಂಸವನ್ನೇ ತರಿಸಿಕೊಳ್ಳಿ, ಹಂದಿ ತಿಂದಂತೆ ನಟಿಸಿ ಸಾಕು’ ಎಂಬ ಉಪಾಯ ಹೇಳುತ್ತಾರೆ. ಅವರು ಒಪ್ಪುವುದಿಲ್ಲ, ಕಿರಿಯರಿಗೆ ತಪ್ಪು ಮಾದರಿಯಾಗಬಾರದೆಂದು ಸಾವನ್ನೇ ಆರಿಸಿಕೊಳ್ಳುತ್ತಾರೆ. ತಿನ್ನಬಹುದು ಎನ್ನುವ ಅದೇ ಬೈಬಲು, ತಿನ್ನದೆ ಪ್ರಾಣ ಕೊಟ್ಟವರನ್ನೂ ಗೌರವಿಸುತ್ತದೆ. ಹಂದಿ ಮುಟ್ಟದ ಮುಸ್ಲಿಮ್ ನೆರೆಯವರನ್ನು, ವರಾಹವನ್ನು ಅವತಾರವೆಂದು ಪೂಜಿಸುವ ನೆರೆಯವರನ್ನು ನೋಡುವಾಗ ಈ ಮುದುಕರು ನಮ್ಮ ಕಣ್ಣಮುಂದೆ ಇರಲಿ. ತಿನ್ನುವುದು ನಮ್ಮ ಸ್ವಾತಂತ್ರ್ಯ. ತಿನ್ನದಿರುವುದು ಅವರ ನಿಷ್ಠೆ.

ಧರ್ಮಸಭೆಯ ನಿಯಮವನ್ನೂ ಇಲ್ಲಿ ನೆನಪಿಡೋಣ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸದ, ಮಾಂಸತ್ಯಾಗದ ದಿನಗಳು. ಮಾಂಸತ್ಯಾಗದ ನಿಯಮ 14 ವರ್ಷ ತುಂಬಿದವರಿಗೆ ಅನ್ವಯಿಸುತ್ತದೆ. ಕ್ರಿಸ್ತಜಯಂತಿಯಂಥ ಮಹೋತ್ಸವ ಶುಕ್ರವಾರ ಬಂದರೆ ಆ ದಿನ ಮಾಂಸತ್ಯಾಗದ ಕಟ್ಟಳೆ ಇರುವುದಿಲ್ಲ.

3. ಹುಳುವಿನ ವಿಚಾರ

ಬಿ.ಎಸ್ಸಿ. ಓದುವಾಗ ಟೀನಿಯಾ ಸೋಲಿಯಮ್ ಎಂಬ ಲಾಡಿಹುಳುವಿನ ಜೀವನಚಕ್ರವನ್ನು ರೆಕಾರ್ಡ್ ಪುಸ್ತಕದಲ್ಲಿ ಬಿಡಿಸಿದವರು ನಮ್ಮಲ್ಲಿ ಹಲವರಿದ್ದೇವೆ. ಅದನ್ನು ಅಂಕಕ್ಕಾಗಿ ಓದಿ ಮರೆಯುವುದಕ್ಕಿಂತ ಮನೆಯವರಿಗೆ ಅರ್ಥ ಮಾಡಿಸುವುದು ಮುಖ್ಯ. ಅದು ಹೀಗೆ ಸಾಗುತ್ತದೆ.

ಮೊದಲ ಹೆಜ್ಜೆ: ಹೊಟ್ಟೆಯಲ್ಲಿ ಲಾಡಿಹುಳು ಇರುವ ಮನುಷ್ಯ ಬಯಲಿಗೆ ಹೋದಾಗ ಮಲದ ಜೊತೆ ಮೊಟ್ಟೆಗಳು ಹೊರಬರುತ್ತವೆ. ಬೀದಿಯಲ್ಲಿ ಅಲೆಯುವ ಹಂದಿ ಅದನ್ನು ತಿನ್ನುತ್ತದೆ. ಮೊಟ್ಟೆಯಿಂದ ಬಂದ ಮರಿ ಹಂದಿಯ ಮಾಂಸದಲ್ಲಿ ಸಾಬಕ್ಕಿಯಂಥ ಬಿಳಿ ಗುಳ್ಳೆಯಾಗಿ ಕೂರುತ್ತದೆ.

ಎರಡನೆಯ ಹೆಜ್ಜೆ: ಆ ಮಾಂಸವನ್ನು ಅರೆಬೆಂದದ್ದಾಗಿ ತಿಂದ ಮನುಷ್ಯನ ಕರುಳಿನಲ್ಲಿ ಗುಳ್ಳೆ ಬಿಚ್ಚಿಕೊಂಡು ಹುಳುವಾಗುತ್ತದೆ. ಅದು 2ರಿಂದ 7 ಮೀಟರ್ ಉದ್ದ ಬೆಳೆಯಬಹುದು. ಹೊಟ್ಟೆಯಲ್ಲಿ ಹುಳು ಇದ್ದರೂ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ.

ಮೂರನೆಯ ಹೆಜ್ಜೆ, ಎಲ್ಲಕ್ಕಿಂತ ಅಪಾಯದ್ದು: ಆ ಮನುಷ್ಯ ಸೋಪಿನಲ್ಲಿ ಕೈ ತೊಳೆಯದೆ ಅಡುಗೆ ಮಾಡಿದರೆ, ಬಡಿಸಿದರೆ, ಅಥವಾ ಅವನ ಮಲ ನೀರಿಗೋ ತರಕಾರಿಗೋ ಸೇರಿದರೆ, ಮೊಟ್ಟೆಗಳು ಇನ್ನೊಬ್ಬರ ಬಾಯಿಗೆ ಹೋಗುತ್ತವೆ. ಆಗ ಮರಿಗಳು ರಕ್ತದ ದಾರಿಯಲ್ಲಿ ಸಾಗಿ ಮಿದುಳಿನಲ್ಲಿ ಗುಳ್ಳೆ ಕಟ್ಟುತ್ತವೆ. ಇದಕ್ಕೆ ನ್ಯೂರೋಸಿಸ್ಟಿಸರ್ಕೋಸಿಸ್ ಎನ್ನುತ್ತಾರೆ. ಫಿಟ್ಸ್ ಬರುವುದು ಇದರಿಂದ. ಜನ ಮತ್ತು ಅಲೆದಾಡುವ ಹಂದಿಗಳು ಒತ್ತಾಗಿ ಬದುಕುವ, ಈ ಹುಳು ನೆಲೆಯೂರಿದ ಎಷ್ಟೋ ಪ್ರದೇಶಗಳಲ್ಲಿ ಮೂರ್ಛೆರೋಗದ ಪ್ರಕರಣಗಳಲ್ಲಿ ಶೇಕಡಾ 30ರಷ್ಟಕ್ಕೆ ಇದೇ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇಲ್ಲಿ ಎರಡು ಮಾತನ್ನು ಗಮನಿಸಿ. ಹಂದಿಮಾಂಸ ತಿಂದ ಕೂಡಲೆ ಮಿದುಳಿಗೆ ಹುಳು ಏರುವುದಿಲ್ಲ. ಮಿದುಳಿನ ಗುಳ್ಳೆಗೆ ಕಾರಣ ಮನುಷ್ಯನ ಮಲದಿಂದ ಬಂದ ಮೊಟ್ಟೆ. ಆದ್ದರಿಂದಲೇ ಹುಟ್ಟಿನಿಂದ ಮಾಂಸ ಮುಟ್ಟದವರಿಗೂ ಈ ಕಾಯಿಲೆ ಬರುತ್ತದೆ. ‘ಹಂದಿ ತಿನ್ನುವವರು, ಅದಕ್ಕೇ ಮಗುವಿಗೆ ಹೀಗಾಯಿತು’ ಎಂದು ಯಾವ ತಾಯಿಯನ್ನೂ ಚುಚ್ಚಬೇಡಿ. ಹಾಗೆಯೇ ಫಿಟ್ಸ್ ಬಂದ ಮಗುವಿಗೆ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿ, ಕೈಗೆ ಕಬ್ಬಿಣ ಕೊಟ್ಟು ದಿನ ಕಳೆಯಬೇಡಿ. ಪ್ರಾರ್ಥನೆ ಮಾಡೋಣ, ಜೊತೆಗೇ ಮಡಕಶಿರಾ ಅಥವಾ ಹಿಂದೂಪುರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯೋಣ. ಅಲ್ಲಿಂದ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಸಂತ ಜಾನರ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಬಹುದು. ತಲೆಯ ಸ್ಕ್ಯಾನ್ ಮಾಡಿ ಕಾರಣ ಪತ್ತೆ ಮಾಡುತ್ತಾರೆ, ಔಷಧಿ ಇದೆ. ಫಿಟ್ಸ್ ಇರುವವರಿಗೆ ನಾವೇ ಅಂಗಡಿಯಿಂದ ಹುಳುವಿನ ಮಾತ್ರೆ ತಂದು ನುಂಗಿಸಬಾರದು. ಮಿದುಳಿನಲ್ಲಿ ಗುಳ್ಳೆ ಇದ್ದರೆ ಅದರಿಂದಲೇ ಊತ ಹೆಚ್ಚಿ ತೊಂದರೆಯಾಗಬಹುದು.

ಇನ್ನು ಎರಡು ತಪ್ಪು ನಂಬಿಕೆಗಳು. ಅರಿಶಿನ ಹಚ್ಚಿದರೆ ಹುಳು ಸಾಯುತ್ತದೆ ಎನ್ನುವುದು ಒಂದು. ಹಂದಿಮಾಂಸದ ಜೊತೆ ಮದ್ಯ ಕುಡಿದರೆ ಹುಳು ಸಾಯುತ್ತದೆ, ಜೀರ್ಣವಾಗುತ್ತದೆ ಎನ್ನುವುದು ಇನ್ನೊಂದು. ಎರಡೂ ಸುಳ್ಳು. ಹುಳುವನ್ನು ಸಾಯಿಸುವುದು ಬೆಂಕಿ. ಮಾಂಸದ ನಡುಭಾಗ 70 ಡಿಗ್ರಿ ದಾಟಿದರೆ ಗುಳ್ಳೆ ಉಳಿಯುವುದಿಲ್ಲ. ಕಾಲನ್ನಂತೂ ನಾವು ಗಂಟೆಗಟ್ಟಲೆ ಕುದಿಸುತ್ತೇವೆ, ಭಯವಿಲ್ಲ. ಭಯವಿರುವುದು ಹುಡುಗರು ತೋಟದಲ್ಲಿ ಕೆಂಡದ ಮೇಲೆ ಸುಟ್ಟು, ಹೊರಗೆ ಕಪ್ಪಾಗಿ ಒಳಗೆ ಕೆಂಪಾಗಿರುವ ತುಂಡನ್ನು ತಿನ್ನುವಾಗ.

4. ಕೊಳ್ಳುವಾಗ

ಬೀದಿ ಸುತ್ತುವ ಹಂದಿಯ ಮಾಂಸ ಎಷ್ಟೇ ಅಗ್ಗವಾದರೂ ಬೇಡ. ದೊಡ್ಡಿಯಲ್ಲಿ ಕಟ್ಟಿ ಮೇವು ಹಾಕಿ ಸಾಕಿದ ಹಂದಿಯೇ ಆಗಬೇಕು. ಫಾರಮ್ಮುಗಳಲ್ಲಿ ಹೆಚ್ಚಾಗಿ ಸಾಕುವುದು ಯಾರ್ಕ್‌ಷೈರ್ ತಳಿಯ ಬಿಳಿ ಹಂದಿ. ಎಲ್ಲಿ ಸಾಕಿದ್ದು, ಏನು ತಿನ್ನಿಸಿದ್ದು ಎಂದು ಕೇಳಲು ಸಂಕೋಚ ಬೇಡ. ಮಾಂಸದಲ್ಲಿ ಬಿಳಿ ಗುಳ್ಳೆಗಳು ಕಂಡರೆ ಬೇಯಿಸಿದರಾಯಿತು ಎಂದುಕೊಳ್ಳದೆ ಬಿಟ್ಟುಬಿಡಿ.

ಕಾಲು ತಿಳಿಗೆಂಪಾಗಿ, ಅಂಟಿಲ್ಲದೆ, ವಾಸನೆಯಿಲ್ಲದೆ ಇರಬೇಕು. ಮುಂಗಾಲು ಕೊಡಿ ಎಂದು ಕೇಳಿ, ಅದರಲ್ಲಿ ಮಾಂಸ ಸ್ವಲ್ಪ ಹೆಚ್ಚು. ಗೊರಸಿನ ಚಿಪ್ಪು ಕೀಳಿಸಿ, ಉದ್ದಕ್ಕೆ ಸೀಳಿಸಿ, ಅಡ್ಡಕ್ಕೆ ಮೂರು ತುಂಡು ಮಾಡಿಸಿಕೊಳ್ಳಿ. ಮನೆಯ ಮಚ್ಚಿನಲ್ಲಿ ಕಡಿಯಲು ಹೋದರೆ ಮೂಳೆ ಚೂರಾಗುತ್ತದೆ. ದೂರದಿಂದ ತರುವುದಾದರೆ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ಸುತ್ತ ಐಸ್ ಹಾಕಿ. ಎರಡು ಗಂಟೆಗಿಂತ ಹೆಚ್ಚು ಹೊತ್ತು ಬಿಸಿಲಿನ ಬಸ್ಸಿನಲ್ಲಿ ಹಸಿಮಾಂಸ ಇರಬಾರದು.

5. ಶುಚಿ ಮಾಡುವುದು

ಕುರಿಕಾಲು ಸುಟ್ಟು ರೂಢಿಯಿರುವವರಿಗೆ ಇದು ಹೊಸದಲ್ಲ. ಸೌದೆ ಉರಿಯ ಮೇಲೋ ಗ್ಯಾಸ್ ಒಲೆಯ ಮೇಲೋ ತಿರುಗಿಸುತ್ತ ಕೂದಲು ಸುಡಬೇಕು. ಚರ್ಮ ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗಿದರೆ ಸಾಕು. ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಚಾಕುವಿನ ಮೊಂಡು ಕಡೆಯಿಂದ ಕೆರೆಯಿರಿ. ಬೆರಳುಗಳ ಸಂದಿಯಲ್ಲಿ ಕೊಳೆ ಕೂತಿರುತ್ತದೆ, ಅಲ್ಲಿ ಹೆಚ್ಚು ಗಮನ ಕೊಡಿ. ಕಲ್ಲುಪ್ಪು, ಅರಿಶಿನ ಹಚ್ಚಿ ಉಜ್ಜಿ, ಪಾತ್ರೆಯ ನೀರಿನಲ್ಲಿ ಮೂರು ಸಲ ತೊಳೆಯಿರಿ. ನಲ್ಲಿಯ ಕೆಳಗೆ ಹಿಡಿದು ರಭಸವಾಗಿ ತೊಳೆದರೆ ಹನಿಗಳು ಪಕ್ಕದ ತಟ್ಟೆ ಲೋಟಗಳಿಗೆ ಸಿಡಿಯುತ್ತವೆ. ಈ ಕೆಲಸಕ್ಕೆ ಬಳಸಿದ ಚಾಕು, ಮಣೆಗಳನ್ನು ಸೋಪು ಬಿಸಿನೀರಿನಲ್ಲಿ ತೊಳೆಯದೆ ಈರುಳ್ಳಿ, ಸೌತೆಕಾಯಿ ಹೆಚ್ಚಬಾರದು. ಕೈಗೂ ಇದೇ ನಿಯಮ.

6. ಕಾಲು ಯಾಕೆ ನಿಧಾನ ಬೇಯಬೇಕು

ಕಾಲಿನಲ್ಲಿ ಮಾಂಸ ಕಡಿಮೆ. ಇರುವುದೆಲ್ಲ ಚರ್ಮ, ನರ, ಮೆದುಮೂಳೆ. ಇವುಗಳಲ್ಲಿ ತುಂಬಿರುವುದು ಕೊಲಾಜೆನ್ ಎಂಬ ಗಟ್ಟಿ ಪ್ರೋಟೀನು. ಹಗ್ಗ ಹೊಸೆದಂತೆ ಮೂರು ಎಳೆ ಸುತ್ತಿಕೊಂಡಿರುತ್ತದೆ. ನೀರಿನಲ್ಲಿ 70 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಗಂಟೆಗಟ್ಟಲೆ ಇದ್ದರೆ ಆ ಹುರಿ ಬಿಚ್ಚಿಕೊಂಡು ಜೆಲಾಟಿನ್ ಆಗುತ್ತದೆ. ಸಾರಿಗೆ ಮಂದ ಬರುವುದು, ತುಟಿಗೆ ಅಂಟುವುದು, ತಣ್ಣಗಾದಾಗ ಹೆಪ್ಪುಗಟ್ಟುವುದು ಇದರಿಂದಲೇ. ಒಂದು ಗಂಟೆಗೆ ಇಳಿಸಿದರೆ ರಬ್ಬರು, ಮೂರು ಗಂಟೆಗೆ ಇಳಿಸಿದರೆ ಬೆಣ್ಣೆ. ಉರಿ ಜೋರು ಮಾಡಿದರೆ ಬೇಗ ಆಗುವುದಿಲ್ಲ. ಕುದಿಯುವ ನೀರಿನ ಶಾಖ ಅಷ್ಟಕ್ಕೇ ನಿಲ್ಲುತ್ತದೆ, ನೀರು ಮಾತ್ರ ಆವಿಯಾಗಿ ಹೋಗುತ್ತದೆ. ನಮ್ಮ ಕಡೆ ನೆಲ ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿರುವುದರಿಂದ ನೀರು 100 ಡಿಗ್ರಿಗೆ ಸುಮಾರು 2 ಡಿಗ್ರಿ ಮೊದಲೇ ಕುದಿಯುತ್ತದೆ. ಕುಕ್ಕರಿನಲ್ಲಿ ಹಬೆ ಕಟ್ಟಿ ಶಾಖ 115-120 ಡಿಗ್ರಿಯವರೆಗೆ ಏರುವುದರಿಂದ ಹೊತ್ತು ಉಳಿಯುತ್ತದೆ.

ಕಾಲು ಸೂಪು ಕುಡಿದರೆ ಮುರಿದ ಮೂಳೆ ಕೂಡುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಸೂಪಿಗೆ ಇಳಿಯುವ ಸುಣ್ಣದಂಶ ಬಹಳ ಕಡಿಮೆ. ಜೆಲಾಟಿನ್ ಪೂರ್ಣ ಪ್ರೋಟೀನೂ ಅಲ್ಲ; ದೇಹಕ್ಕೆ ಬೇಕಾದ ಟ್ರಿಪ್ಟೋಫ್ಯಾನ್ ಅದರಲ್ಲಿಲ್ಲ. ಆದ್ದರಿಂದ ಜೊತೆಗೆ ಸ್ವಲ್ಪ ಮಾಂಸ, ಕಾಳು ಸೇರಿಸುವುದು ಒಳ್ಳೆಯದು. ಡಿಸೆಂಬರಿನಲ್ಲಿ ಸೊಗಡವರೆಕಾಯಿ ಬರುತ್ತದೆ, ಅದಕ್ಕಿಂತ ಒಳ್ಳೆಯ ಜೊತೆ ಇನ್ನೊಂದಿಲ್ಲ.

7. ಮಾಡುವ ವಿಧಾನ (ಎಂಟು ಜನಕ್ಕೆ)

ಬೇಕಾದದ್ದು: ಹಂದಿಕಾಲು 4 (ಒಂದೂವರೆಯಿಂದ ಎರಡು ಕಿಲೋ), ಕೊಬ್ಬು ಕಡಿಮೆಯಿರುವ ಹಂದಿಮಾಂಸ ಅರ್ಧ ಕಿಲೋ, ಸುಲಿದ ಅವರೆಕಾಳು ಎರಡು ಬಟ್ಟಲು, ದೊಡ್ಡ ಈರುಳ್ಳಿ 4, ಬೆಳ್ಳುಳ್ಳಿ 2 ಗಡ್ಡೆ, ಶುಂಠಿ ಎರಡು ಬೆರಳಿನಷ್ಟು, ಬ್ಯಾಡಗಿ ಮೆಣಸಿನಕಾಯಿ 10, ಗುಂಟೂರು ಮೆಣಸಿನಕಾಯಿ 4, ದನಿಯಾ 4 ದೊಡ್ಡ ಚಮಚ, ಕಾಳುಮೆಣಸು 1 ದೊಡ್ಡ ಚಮಚ, ಜೀರಿಗೆ, ಗಸಗಸೆ ಒಂದೊಂದು ಸಣ್ಣ ಚಮಚ, ಚಕ್ಕೆ 2 ತುಂಡು, ಲವಂಗ 5, ತುರಿದ ಕೊಬ್ಬರಿ ಅರ್ಧ ಬಟ್ಟಲು, ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು, ಅರಿಶಿನ, ಉಪ್ಪು, ಕರಿಬೇವು, ಕೊತ್ತಂಬರಿ ಸೊಪ್ಪು, ಎಣ್ಣೆ 2 ಚಮಚ ಸಾಕು, ಕಾಲಿನಲ್ಲೇ ಕೊಬ್ಬಿದೆ.

ಒಂದು: ಕಾಲಿನ ತುಂಡುಗಳು ಮುಳುಗುವಷ್ಟು ತಣ್ಣೀರು ಹಾಕಿ ಕುದಿಸಿ. ಹತ್ತು ನಿಮಿಷಕ್ಕೆ ನೊರೆ, ಕಸರು ಮೇಲೆ ಬರುತ್ತದೆ. ಆ ನೀರು ಚೆಲ್ಲಿ, ತುಂಡುಗಳನ್ನು ತೊಳೆಯಿರಿ. ಹಂದಿಯ ಘಾಟು ಹೋಗುವುದು ಇಲ್ಲೇ. ಈ ಹಂತ ಬಿಡಬೇಡಿ.

ಎರಡು: ದಪ್ಪ ತಳದ ಸ್ಟೀಲ್ ಪಾತ್ರೆಗೋ ಮಡಕೆಗೋ ಹಾಕಿ, ಮೇಲೆ ಎರಡು ಬೆರಳು ನಿಲ್ಲುವಷ್ಟು ಹೊಸ ನೀರು, ಜಜ್ಜಿದ ಶುಂಠಿ, ಒಂದು ಗಡ್ಡೆ ಬೆಳ್ಳುಳ್ಳಿ, ಅರಿಶಿನ, ಸ್ವಲ್ಪ ಉಪ್ಪು ಸೇರಿಸಿ. ಕುದಿ ಬಂದ ಮೇಲೆ ಉರಿ ಇಳಿಸಿ ಮುಚ್ಚಿಡಿ. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿರಬೇಕು, ಕೊತಕೊತ ಕುದಿಯಬಾರದು. ಎರಡೂವರೆಯಿಂದ ಮೂರು ಗಂಟೆ ಬೇಕು. ಕುಕ್ಕರಾದರೆ ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಮೊದಲ ವಿಶಲ್ ಬಂದ ಮೇಲೆ ಸಣ್ಣ ಉರಿಯಲ್ಲಿ 45 ನಿಮಿಷ ಇಟ್ಟು, ಹಬೆ ತಾನಾಗಿ ಇಳಿಯಲು ಬಿಡಿ. ಬೆರಳಿನಿಂದ ಒತ್ತಿದರೆ ಚರ್ಮ ಹರಿಯಬೇಕು, ಮೂಳೆ ಜಾರಬೇಕು.

ಮೂರು: ಇದು ಬೇಯುವಾಗ ಮೆಣಸಿನಕಾಯಿ, ದನಿಯಾ, ಕಾಳುಮೆಣಸು, ಜೀರಿಗೆ, ಚಕ್ಕೆ, ಲವಂಗ, ಗಸಗಸೆಗಳನ್ನು ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿದು, ಕೊಬ್ಬರಿ ಮತ್ತು ಒಂದು ಸುಟ್ಟ ಈರುಳ್ಳಿಯ ಜೊತೆ ನುಣ್ಣಗೆ ರುಬ್ಬಿ.

ನಾಲ್ಕು: ಅಗಲ ಪಾತ್ರೆಯಲ್ಲಿ ಎಣ್ಣೆ, ಕರಿಬೇವು, ಉಳಿದ ಈರುಳ್ಳಿ, ಬೆಳ್ಳುಳ್ಳಿ ಕೆಂಪಾಗಿ ಹುರಿದು ಅರ್ಧ ಕಿಲೋ ಮಾಂಸ ಹಾಕಿ ಬಾಡಿಸಿ. ಮಸಾಲೆ ಹಾಕಿ ಎಣ್ಣೆ ಬಿಡುವವರೆಗೆ ಕೈಯಾಡಿಸಿ. ಅವರೆಕಾಳು, ಬೆಂದ ಕಾಲು, ಅದು ಬೆಂದ ನೀರು ಸೇರಿಸಿ, ಅರ್ಧ ಮುಚ್ಚಿ 45 ನಿಮಿಷ ಬೇಯಿಸಿ. ಮಾಂಸ, ಕಾಳು ಎರಡೂ ಮೆತ್ತಗಾಗಿ, ಸಾರು ಗೊಜ್ಜಿನಂತೆ ಕಾಲಿಗೆ ಅಂಟಿಕೊಳ್ಳಬೇಕು.

ಐದು: ಹುಣಸೆರಸ ಕೊನೆಯ 15 ನಿಮಿಷಕ್ಕೆ. ಮೊದಲೇ ಹುಳಿ ಬಿದ್ದರೆ ಅವರೆಕಾಳು ಬೇಯುವುದಿಲ್ಲ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ಕುದಿಸುವುದೂ ಒಳ್ಳೆಯದಲ್ಲ. ಕೊನೆಗೆ ಉಪ್ಪು ನೋಡಿ, ಕೊತ್ತಂಬರಿ ಸೊಪ್ಪು ಉದುರಿಸಿ, ಇಳಿಸಿ ಕಾಲು ಗಂಟೆ ಬಿಡಿ. ಬಿಸಿ ಮುದ್ದೆಯ ಜೊತೆ ಬಡಿಸಿ.

ಫ್ರಿಜ್ಜು ಇರುವವರು ಎರಡನೆಯ ಹಂತವನ್ನು 24ರಂದೇ ಮುಗಿಸಿ ಒಳಗಿಡಬಹುದು. ಬೆಳಿಗ್ಗೆ ಕೊಬ್ಬು ಮೇಲೆ ಬಿಳಿಯ ಪದರವಾಗಿ ನಿಂತಿರುತ್ತದೆ. ಬೇಕಾದಷ್ಟು ತೆಗೆದು ಹಾಕಬಹುದು. ಫ್ರಿಜ್ಜಿಲ್ಲದವರು ರಾತ್ರಿ ಬೇಯಿಸಿ ಹೊರಗಿಡಬೇಡಿ. ರಾತ್ರಿಯ ಬಲಿಪೂಜೆ ಮುಗಿಸಿ ಬಂದು, ಬೆಳಿಗ್ಗೆ ಎಂಟಕ್ಕೆ ಒಲೆ ಹಚ್ಚಿದರೆ ಮಧ್ಯಾಹ್ನದ ಊಟಕ್ಕೆ ಸರಿಯಾಗುತ್ತದೆ. ಉಳಿದದ್ದನ್ನು ಎರಡು ಗಂಟೆಯೊಳಗೆ ಒಳಗಿಟ್ಟು, ಮತ್ತೆ ತಿನ್ನುವಾಗ ಚೆನ್ನಾಗಿ ಕುದಿಸಿ.

8. ಬಡಿಸುವಾಗ

ಕಾಲಿನಲ್ಲಿ ಸಣ್ಣ ಸಣ್ಣ ಮೂಳೆಗಳು ಬಹಳ. ಚಿಕ್ಕ ಮಕ್ಕಳಿಗೆ, ಹಲ್ಲಿಲ್ಲದ ಹಿರಿಯರಿಗೆ ಮೂಳೆ ತೆಗೆದು ಕೊಡಿ. ರಕ್ತದೊತ್ತಡ, ಹೃದಯದ ತೊಂದರೆ, ಯೂರಿಕ್ ಆಮ್ಲದ ಕೀಲುನೋವು ಇರುವವರು ರುಚಿಗೆ ಒಂದು ತುಂಡಿಗೆ ನಿಲ್ಲಿಸಲಿ.

ಬೇರೆ ಧರ್ಮದ ನೆರೆಯವರನ್ನು, ನೆಂಟರನ್ನು ಕರೆಯುವುದಾದರೆ ಅವರಿಗೆ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಸೌಟಿನಲ್ಲಿ ಅಡುಗೆಯಾಗಲಿ. ಸಾಧ್ಯವಾಗದಿದ್ದರೆ ಹಣ್ಣು, ಕೇಕು, ಅಂಗಡಿಯ ಸಿಹಿ ಕೊಟ್ಟು ಪ್ರೀತಿಯಿಂದ ಮಾತಾಡಿಸಿ ಕಳಿಸೋಣ. ಕುರಿ ಎಂದು ಹೇಳಿ ಹಂದಿ ಬಡಿಸುವುದು, ತಿಂದ ಮೇಲೆ ಹೇಳಿ ನಗುವುದು ತಮಾಷೆಯಲ್ಲ, ಪಾಪ. ಎಲಿಯಾಜರರಿಗೆ ರಾಜನ ಕಡೆಯವರು ಮಾಡಿದ ಬಲವಂತವನ್ನೇ ನಾವು ಮೋಸದಿಂದ ಮಾಡಿದಂತಾಗುತ್ತದೆ. ಹಾಗೆಂದು ನಾವು ತಿನ್ನುವುದನ್ನು ಬಾಗಿಲು ಮುಚ್ಚಿಕೊಂಡು ನಾಚಿಕೆಯಿಂದ ತಿನ್ನಬೇಕಾಗಿಯೂ ಇಲ್ಲ. ಕೇಳಿದರೆ ಇಂಥದ್ದು ಮಾಡಿದ್ದೇವೆ ಎಂದು ನೇರವಾಗಿ ಹೇಳೋಣ. ಆಹಾರ ನಮ್ಮನ್ನು ದೇವರ ಹತ್ತಿರಕ್ಕೂ ಒಯ್ಯುವುದಿಲ್ಲ, ದೂರವೂ ಮಾಡುವುದಿಲ್ಲ. ಆದರೆ ನಮ್ಮ ಊಟ ಇನ್ನೊಬ್ಬರ ಎಡವುಗಲ್ಲಾಗಬಾರದು ಎಂಬುದು ಕೊರಿಂಥದವರಿಗೆ ಪೌಲರು ಕೊಟ್ಟ ಬುದ್ಧಿ.

ಹಾಗಾದರೆ ಊಟವನ್ನು ಶುದ್ಧ ಮಾಡುವುದು ಯಾವುದು? ದೊಡ್ಡಿಯನ್ನು ಚೊಕ್ಕಟವಾಗಿಟ್ಟ ಕೈ, ಶೌಚಾಲಯ ಬಳಸಿ ಸೋಪಿನಲ್ಲಿ ತೊಳೆದ ಕೈ, ಆತುರಪಡದೆ ಬೇಯಿಸಿದ ಕೈ, ಸುಳ್ಳು ಹೇಳದೆ ಬಡಿಸಿದ ಕೈ. ಹಂದಿಯ ಕಾಲಿನಲ್ಲಿ ಕೊಳೆ ಇದ್ದರೆ ಒಂದು ಗಂಟೆಯಲ್ಲಿ ಹೋಗುತ್ತದೆ. ಈ ನಾಲ್ಕು ಕೈಗಳ ಅಭ್ಯಾಸಕ್ಕೆ ವರ್ಷವಿಡೀ ಬೇಕು.

ಕುಟುಂಬದಲ್ಲಿ ಮಾತಾಡಿಕೊಳ್ಳಲು

1. ನಮ್ಮ ಮನೆಯಲ್ಲಿ ಎಲ್ಲರೂ ಊಟಕ್ಕೆ ಮುಂಚೆ, ಶೌಚದ ನಂತರ ಸೋಪಿನಲ್ಲಿ ಕೈ ತೊಳೆಯುತ್ತೇವೆಯೇ? ಮಕ್ಕಳಿಗೆ ಯಾರು ನೆನಪಿಸುತ್ತಾರೆ?

2. ನಮ್ಮ ಬೀದಿಯಲ್ಲಿ ಫಿಟ್ಸ್ ಬರುವ ಮಗುವೋ ಹಿರಿಯರೋ ಇದ್ದಾರೆಯೇ? ಅವರು ಆಸ್ಪತ್ರೆಗೆ ಹೋಗಿದ್ದಾರೆಯೇ? ಜೊತೆಗೆ ಹೋಗಲು ಯುವಜನರಲ್ಲಿ ಯಾರು ತಯಾರು?

3. ತಿನ್ನುವ ಆಹಾರದಿಂದಾಗಿ ನಾವು ಯಾರನ್ನಾದರೂ ಕೀಳಾಗಿ ಕಂಡಿದ್ದೇವೆಯೇ? ನಮ್ಮನ್ನು ಯಾರಾದರೂ ಹಾಗೆ ಕಂಡಾಗ ಹೇಗೆ ಉತ್ತರ ಕೊಟ್ಟೆವು?

4. ಈ ಸಲದ ಹಬ್ಬದ ಊಟಕ್ಕೆ, ಮನೆಯಲ್ಲಿ ಒಬ್ಬಂಟಿಯಾಗಿರುವ ಯಾವ ಅಜ್ಜಿ ತಾತನಿಗೆ ಒಂದು ಬಟ್ಟಲು ಕಳಿಸೋಣ?

ಹಬ್ಬದ ದಿನ ಎಲ್ಲರ ಮನೆಯಲ್ಲೂ ಒಲೆ ಉರಿಯಲಿ, ಯಾರ ತಟ್ಟೆಯೂ ಬರಿದಾಗದಿರಲಿ. ನಿಮಗೆಲ್ಲರಿಗೂ ಕ್ರಿಸ್ತಜಯಂತಿಯ ಶುಭಾಶಯಗಳು.

– ಧರ್ಮಕೇಂದ್ರದ ಯುವಜನ ಸಂಯೋಜಕರು